ದಫೇದಾರರ ಬಲಗೈ

ಕಳೆದ ವರ್ಷ ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಹೊಸನಗರದ ನಮ್ಮ ಬೀದಿಯಲ್ಲಿ ವ್ಯಾನಿನ ಚಾವಣಿಗೆ ಎಸಿ ಕೂರಿಸುವಾಗ ನಿವೃತ್ತ ಪೊಲೀಸ್ ದಫೇದಾರರ ಬಲಗೈಯ ಎರಡು ಬೆರಳು ತುಂಡಾದವು. ತೋರುಬೆರಳು ಮತ್ತು ನಡುಬೆರಳು, ಎರಡೂ ಮೊದಲ ಗಂಟಿನವರೆಗೆ. ವ್ಯಾನಿನೊಳಗಿನ ಮಂಚಕ್ಕೆ ಹಾಸಿದ್ದ ಹೊಸ ಹಾಸಿಗೆಯ ಮೇಲೆ ರಕ್ತ ಸುರಿಯಿತು. ಸ್ವಲ್ಪ ಹೊತ್ತಿನಲ್ಲಿಯೇ ಎಸಿ ಕೂರಿಸುತ್ತಿದ್ದ ಮೆಕ್ಯಾನಿಕ್‌ನ ಎಡ ಹೆಗಲ ಮೂಳೆಯೂ ಮುರಿದಿತ್ತು.

ಗಾಯವನ್ನು ಮೊದಲು, ಕಾರಣವನ್ನು ಆಮೇಲೆ ಹೇಳುವ ಈ ಕ್ರಮವನ್ನು ನನಗೆ ಕಲಿಸಿದವರು ದಫೇದಾರರೇ. ನಾನು ಪತ್ರಿಕೆಗೆ ಹೊಸದಾಗಿ ಸೇರಿ ಠಾಣೆಗಳನ್ನು ಸುತ್ತುತ್ತಿದ್ದ ಕಾಲದಲ್ಲಿ, ನನ್ನ ಮೊದಲ ಕೊಲೆ ವರದಿಯನ್ನು ಓದಿ ಮೇಜಿನ ಮೇಲೆ ಎಸೆದಿದ್ದರು.

"ಎಂತ ಮಾರಾಯ, ಹೆಣಕ್ಕೆ ಎಲ್ಲಿ ಪೆಟ್ಟಾಗಿತ್ತು ಅನ್ನೋದು ಕೊನೇ ಸಾಲಲ್ಲಿದೆ! ಮೊದ್ಲು ಗಾಯ ಬರಿ. ಆಮೇಲೆ ಕಾರಣ. ಕಾರಣ ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತ್ಲೇ ಬರಿ. ಕತೆ ಕಟ್ಬೇಡ."

ಅಂದಿನಿಂದ ನಾನು ಹಾಗೆಯೇ ಬರೆಯುತ್ತಿದ್ದೇನೆ.

ಅವರ ಬಲಗೈ ಅಗಲವಾಗಿತ್ತು. ಅಂಗೈಯನ್ನು ಸ್ವಲ್ಪ ಗುಂಡಗೆ ಮಾಡಿ ಕಿವಿಯ ಮೇಲೆ ಹೊಡೆಯುತ್ತಿದ್ದರು. ಹಾಗೆ ಹೊಡೆದರೆ ಗುರುತು ಉಳಿಯುವುದಿಲ್ಲ ಎಂದು ಅವರೇ ಒಮ್ಮೆ ನನಗೆ ವಿವರಿಸಿದ್ದರು, ದೋಸೆ ಹಿಟ್ಟಿನ ಹದ ಹೇಳುವವರಂತೆ. ಗುರುತು ಉಳಿಯದ ಗಾಯವನ್ನು ಯಾರೂ ಬರೆದುಕೊಳ್ಳುತ್ತಿರಲಿಲ್ಲ. ಅವರು ಕೆಲಸ ಮಾಡಿದ ಠಾಣೆಗಳ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ.

ನಿವೃತ್ತರಾದ ಮೇಲೆ ಅವರು ನಮ್ಮ ಪಕ್ಕದ ಮನೆಗೆ ಬಂದರು. ಕೈ ನಿವೃತ್ತಿಯಾಗಿರಲಿಲ್ಲ. ಒಂದು ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಅವರ ಹೆಂಡತಿ ಇಳಿಯುವ ಮೊದಲೇ ಕಂಡಕ್ಟರ್ ಸೀಟಿ ಊದಿದ. ಬಸ್ ಅಲುಗಿತು, ಅವರು ಮೆಟ್ಟಿಲ ಮೇಲೆ ಕುಸಿದರು. ದಫೇದಾರರು ಕಂಡಕ್ಟರ್‌ನನ್ನು ಬಾಗಿಲಿನಿಂದ ಎಳೆದು ಹೊಡೆದರು. ಸೀಟಿ ಹಲ್ಲಿಗೆ ತಾಗಿ ತುಟಿ ಸೀಳಿತು. ಜನ ಸುತ್ತ ನಿಂತು ನೋಡಿದರು. ಯಾರೂ ಬಿಡಿಸಲಿಲ್ಲ. "ದಫೇದಾರ್ರು" ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ್ದು ಮಾತ್ರ ಕೇಳಿಸಿತು.

ಅವರ ಹೆಂಡತಿಗೆ ನರದ ಕಾಯಿಲೆ. ಮೈಗೆ ಬಿಸಿ ತಾಗಿದರೆ ಕೈಕಾಲು ಸೋಲುತ್ತಿದ್ದವು. ದಫೇದಾರರು ತಮ್ಮ ಲಾಠಿಯನ್ನು ಅವರ ಎತ್ತರಕ್ಕೆ ತಕ್ಕಂತೆ ಕತ್ತರಿಸಿ, ತುದಿಗೆ ರಬ್ಬರ್ ಹಾಕಿ ಊರುಗೋಲು ಮಾಡಿಕೊಟ್ಟಿದ್ದರು. ಅವರ ತವರು ರಾಯಚೂರು. ಅಲ್ಲಿ ತಾಯಿ ಹಾಸಿಗೆ ಹಿಡಿದಿದ್ದರು. ಬೇಸಿಗೆ ಕಳೆಯುವವರೆಗೆ ಅವರು ಉಳಿಯುವುದಿಲ್ಲ ಎಂದು ಅಲ್ಲಿಂದ ಫೋನ್ ಬಂದಿತ್ತು. ರಾಯಚೂರಿನ ಬಿಸಿಲಿನಲ್ಲಿ ಇವರನ್ನು ಕರೆದೊಯ್ಯುವುದು ಹೇಗೆ? ದಫೇದಾರರು ಹಳೆಯ ಶಾಲಾ ವ್ಯಾನೊಂದನ್ನು ತಂದು ಸೀಟುಗಳನ್ನು ಕಿತ್ತು, ಮಂಚ ಹಾಕಿಸಿ, ಒಲೆ, ನೀರಿನ ಟ್ಯಾಂಕು, ಜನರೇಟರ್ ಎಲ್ಲ ಕೂರಿಸಿ ಓಡಾಡುವ ಮನೆ ಮಾಡಿದರು. ಎಸಿ ಒಂದು ಬಾಕಿ ಇತ್ತು. ವಾಹನದ ಚಾವಣಿ ಕೊರೆದು ಎಸಿ ಕೂರಿಸುವವರು ಹತ್ತಿರದಲ್ಲಿ ಒಬ್ಬನೇ ಇದ್ದ, ತೀರ್ಥಹಳ್ಳಿಯವನು.

ಅಳತೆ ತೆಗೆದು ತಗಡು ಕತ್ತರಿಸಲು ಆತ ಬಂದ ದಿನ ನಾನು ಅಲ್ಲಿದ್ದೆ. ದಫೇದಾರರು ಆತನ ಎಡಗಡೆ ನಿಂತು ಹೀಗೆ ಮಾಡು, ಹಾಗೆ ಮಾಡು ಎನ್ನುತ್ತಿದ್ದರು. ಆತ ತಿರುಗಿಯೂ ನೋಡಲಿಲ್ಲ.

"ಏಯ್, ಕಿವುಡನೇನೋ?"

ಅದು ಬೀದಿಗೆಲ್ಲ ಕೇಳಿಸಿತು. ಆತ ತಿರುಗಿ ಎಡಗಿವಿ ಮುಟ್ಟಿ ತೋರಿಸಿದ.

"ಹೌದು ಸಾರ್. ಈ ಕಡೆದು ನೀವೇ ತೆಗ್ದಿದ್ದು."

"ಯಾವಾಗ?"

"ಪಂಪ್‌ಸೆಟ್ ಕಳವಿನ ಕೇಸಲ್ಲಿ. ನಾನು ತೋಟಕ್ಕೆ ಹೋಗಿ ಮೋಟಾರ್ ರಿಪೇರಿ ಮಾಡ್ತಿದ್ದೆ. ಮೋಟಾರ್ ಮುಟ್ಟೋನು ನೀನೇ ಅಂತ ಎಳ್ಕೊಂಡು ಬಂದ್ರಿ. ಕಿವೀಲಿ ರಕ್ತ ಬಂತು. ಆಮೇಲೆ ಕಳ್ಳ ಸಿಕ್ಕಿದ. ನಂಗೆ ಚಾ ಕುಡಿಸಿ ಕಳಿಸಿದ್ರಿ."

"ನೆನಪಿಲ್ಲ. ಎಷ್ಟು ಜನಕ್ಕೆ ಹೊಡ್ದಿದೀನೋ."

"ಚಾಕ್ಕೆ ಸಕ್ಕರೆ ಜಾಸ್ತಿ ಆಗಿತ್ತು. ನಂಗೆ ನೆನಪಿದೆ."

ದಫೇದಾರರ ಬಲಗೈ ಮೇಲೆದ್ದಿತು. ಮೆಕ್ಯಾನಿಕ್ ಹಿಂದೆ ಸರಿಯಲಿಲ್ಲ. ತಗಡು ಕತ್ತರಿಸುವ ಗ್ರೈಂಡರ್ ಅವನ ಕೈಯಲ್ಲಿತ್ತು. ಗುಂಡಿ ಒತ್ತಿದ. ಬಿಲ್ಲೆ ಇಬ್ಬರ ಎದೆಯ ನಡುವೆ ಕಿರ್ರೆಂದು ತಿರುಗತೊಡಗಿತು. ಜಗುಲಿಯಲ್ಲಿ ಕೂತಿದ್ದ ಹೆಂಡತಿ ಲಾಠಿಯನ್ನು ನೆಲಕ್ಕೆ ಬಡಿದರು.

"ಕೈ ಇಳಸ್ರಿ! ಆ ಕೈ ಇಳಸದಿದ್ರ ನಾ ರಾಯಚೂರಿಗೆ ಬರಂಗಿಲ್ಲ. ಅವ್ವನ ಮಾರಿ ನೋಡದಿದ್ರೂ ನಡೀತದ."

ಕೈ ಇಳಿಯಿತು. ಗ್ರೈಂಡರ್ ನಿಂತಿತು.

"ತಮ್ಮಾ, ನೀ ಕೆಲಸ ಬಿಟ್ಟು ಹೊಂಟ್ರೂ ನಾ ಏನೂ ಅನ್ನಂಗಿಲ್ಲ" ಎಂದರು ಅವರು.

"ಮಾಡ್ತೀನಿ ಅಕ್ಕ. ಆದ್ರೆ ಇವರು ನೆನಪು ಮಾಡ್ಕೊಳ್ಲಿ. ಅಷ್ಟೇ ನಾ ಕೇಳೋದು."

ದಫೇದಾರರು ಒಳಗೆ ಹೋದರು.

ಭಾನುವಾರ ಎಸಿ ಬಂತು. ಚಾವಣಿಯಲ್ಲಿ ಚೌಕ ಕೊರೆದು, ಅದರ ಸುತ್ತ ದಪ್ಪ ರಬ್ಬರ್ ಪಟ್ಟಿ ಹಾಸಿ, ಪಟ್ಟಿಯ ಮೇಲೆ ಎಸಿ ಇಳಿಸಬೇಕು. ರಬ್ಬರ್ ಮಡಚಿದರೆ ನಮ್ಮ ಮಳೆಗೆ ನೀರೆಲ್ಲ ಒಳಗೆ. ಮೇಲಿದ್ದವನಿಗೆ ಪಟ್ಟಿ ಕಾಣುವುದಿಲ್ಲ, ಒಳಗೆ ನಿಂತು ನೋಡುವವರು ಒಬ್ಬರು ಬೇಕು. ಒಳಗೆ ದಫೇದಾರರು ನಿಂತರು. ಮೆಕ್ಯಾನಿಕ್ ಮತ್ತು ದಫೇದಾರರ ಅಣ್ಣನ ಮಗ ಸೇರಿ ಎಸಿಯನ್ನು ಮೇಲೆ ಹತ್ತಿಸಿದರು. ಅಣ್ಣನ ಮಗ ಜೆಸಿಬಿ ಓಡಿಸುವವನು, ಗಟ್ಟಿ ಆಳು. ಹತ್ತಿಸಿದ ಮೇಲೆ ಅವನು ಕೆಳಗಿಳಿದ.

ಮೆಕ್ಯಾನಿಕ್ ಚೌಕದ ಕಂಡಿಯಿಂದ ಬಗ್ಗಿ ಹೇಳಿದ: "ಸಾರ್, ಒಳಗಿಂದ ಕೂಗ್ಬೇಡಿ, ನಂಗೆ ಕೇಳಲ್ಲ. ತಗಡು ಕುಟ್ಟಿ. ಒಂದು ಕುಟ್ಟಿದ್ರೆ ಇಳಿಸ್ತೀನಿ, ಎರಡು ಕುಟ್ಟಿದ್ರೆ ನಿಲ್ಲಿಸ್ತೀನಿ. ತಗಡು ಅದುರೋದು ಮಂಡಿಗೆ ಗೊತ್ತಾಗತ್ತೆ."

"ಹೂಂ ಹೂಂ, ಶುರು ಮಾಡು."

ಒಂದು ಸಲ ಕುಟ್ಟಿದ್ದು ಜಗುಲಿಯಲ್ಲಿದ್ದ ನನಗೂ ಕೇಳಿಸಿತು. ಆತ ಚೌಕದ ಕಡೆಗೆ ಎಡಗಿವಿ ಮಾಡಿ, ಮಂಡಿಯೂರಿ, ಭಾರವನ್ನು ಇಳಿಸತೊಡಗಿದ. ಒಳಗೆ ರಬ್ಬರ್ ಒಂದು ಮೂಲೆಯಲ್ಲಿ ಮಡಚಿತು. ದಫೇದಾರರು ಅದನ್ನು ಸರಿ ಮಾಡಲು ಬೆರಳು ತೂರಿಸಿ, ತಮ್ಮ ಜೀವಮಾನವೆಲ್ಲ ಮಾಡಿದಂತೆ ಕೂಗಿದರು:

"ಏಯ್, ನಿಲ್ಸೋ!"

ಎಸಿ ಕೂತಿತು.

ರಕ್ತ ಕಂಡ ಅಣ್ಣನ ಮಗ ಮೆಕ್ಯಾನಿಕ್‌ನ ಕಾಲು ಹಿಡಿದು ಚಾವಣಿಯಿಂದ ಎಳೆದು ಹಾಕಿದ. ಕಬ್ಬಿಣದ ಪೈಪಿನಿಂದ ಬೆನ್ನಿಗೆ, ಹೆಗಲಿಗೆ ಹೊಡೆದ. "ಕಿವಿಗೆ ಬೆರಳು ತಗೊಂಡ್ಯಾ, ಬೋಳಿಮಗನೆ?" ಎಂದು ಕೇಳುತ್ತ ಹೊಡೆದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ನಾನು ಅವನ ಸೊಂಟ ಹಿಡಿದೆ, ಅವನು ನನ್ನನ್ನು ಕೊಡವಿದ. ಆಗ ದಫೇದಾರರು ಕೈಗೆ ಟವೆಲ್ ಸುತ್ತಿಕೊಂಡು ವ್ಯಾನಿನಿಂದ ಇಳಿದು ಬಂದು, ಎಡಗೈಯಲ್ಲಿ ಅಣ್ಣನ ಮಗನ ಕೆನ್ನೆಗೆ ಹೊಡೆದರು. ಪೈಪು ಕೆಳಗೆ ಬಿತ್ತು.

ಇಬ್ಬರನ್ನೂ ಒಂದೇ ಕಾರಿನಲ್ಲಿ ಸಾಗರದ ಆಸ್ಪತ್ರೆಗೆ ಸೇರಿಸಿದೆವು. ದಾರಿಯಲ್ಲಿ ಮೆಕ್ಯಾನಿಕ್‌ನ ಬಲಗಿವಿಯ ಹತ್ತಿರ ಬಗ್ಗಿ, ಬೇಕಂತಲೇ ಬಿಟ್ಟೆಯಾ ಎಂದು ಕೇಳಿದೆ.

"ಬೇಕಂತ ಮಾಡೋದಾದ್ರೆ ಅವರು ತಲೆ ತೂರಿಸಿದಾಗ ಬಿಡ್ತಿದ್ದೆ. ಆಗ್ಲೇ ಎರಡು ಸಲ ತೂರಿಸಿದ್ರು."

ಮುಂದಿನ ಸೀಟಿನಲ್ಲಿದ್ದ ದಫೇದಾರರು ಇದನ್ನು ಕೇಳಿಸಿಕೊಂಡರು.

ಅಷ್ಟರಲ್ಲಿ ಅಣ್ಣನ ಮಗ ಊರಿಗೆಲ್ಲ ಸುದ್ದಿ ಹಬ್ಬಿಸಿದ್ದ: ಹಳೇ ದ್ವೇಷ, ಬೇಕಂತಲೇ ಬೆರಳು ಕತ್ತರಿಸಿದ. ಜನ ನಂಬಿದ್ದರು. ದಫೇದಾರರು ಹೂಂ ಎಂದರೆ ಮೆಕ್ಯಾನಿಕ್ ಆಸ್ಪತ್ರೆಯಿಂದ ನೇರ ಜೈಲಿಗೆ ಹೋಗುತ್ತಿದ್ದ. ಹೇಳಿಕೆ ಬರೆದುಕೊಳ್ಳಲು ಬಂದ ಪೊಲೀಸಿನವನು ದಫೇದಾರರನ್ನು ಬಲ್ಲವನು.

"ಸಾರ್, ಬೇಕಂತಲೇ ಬಿಟ್ಟ ಅಂತ ಬರ್ಕೊಳ್ಲಾ?"

"ಗಾಯ ಬರೆದ್ಯಾ?"

"ಬರ್ದೆ ಸಾರ್."

"ಈಗ ಕಾರಣ ಬರಿ. ನಾನು ಕುಟ್ಬೇಕಿತ್ತು, ಕೂಗಿದೆ. ಅವನಿಗೆ ಎಡಗಿವಿ ಕೇಳಲ್ಲ."

"ಆಯ್ತು ಸಾರ್. ಇಲ್ಲಿ ಒಂದು ಸಹಿ..."

"ಮುಗೀಲಿಲ್ಲ. ಯಾಕೆ ಕೇಳಲ್ಲ ಅಂತಾನೂ ಬರಿ. ನಾನು ಹೊಡೆದಿದ್ದು. ಪಂಪ್‌ಸೆಟ್ ಕೇಸಲ್ಲಿ. ಅವನು ಕದ್ದಿರ್ಲಿಲ್ಲ."

"ಅದೆಲ್ಲ ಇದಕ್ಕೆ ಬೇಡ ಬಿಡಿ ಸಾರ್, ನಿಮಗೇ ತೊಂದ್ರೆ."

"ಬರಿಯೋ!"

ನರ್ಸ್ ಓಡಿ ಬಂದರು. ದಫೇದಾರರು ದನಿ ತಗ್ಗಿಸಿದರು. "ಚಾ ಕೊಡ್ಸಿದ್ದೆ. ಕೈ ನಡುಗಿ ಲೋಟ ಹಿಡಿಯಕ್ಕಾಗ್ಲಿಲ್ಲ ಅವನಿಗೆ. ನಾನೇ ಹಿಡಿದು ಕುಡಿಸಿದೆ. ಅದನ್ನೂ ಬರಿ."

ಲೋಟದ ವಿಷಯವನ್ನು ಮೆಕ್ಯಾನಿಕ್ ಯಾರಿಗೂ ಹೇಳಿರಲಿಲ್ಲ. ಪಕ್ಕದ ಮಂಚದಲ್ಲಿ ಬಲಗಿವಿ ನಮ್ಮ ಕಡೆಗಿಟ್ಟು ಅಂಗಾತ ಮಲಗಿದ್ದ ಆತ ಚಾವಣಿ ನೋಡುತ್ತಿದ್ದ.

ಮೆಕ್ಯಾನಿಕ್ ಮೇಲೆ ದೂರು ದಾಖಲಾಗಲಿಲ್ಲ. ಅಣ್ಣನ ಮಗನ ಮೇಲೆ ದಾಖಲಾಯಿತು. ದಫೇದಾರರೇ ಸಾಕ್ಷಿ ಹೇಳಿದರು. ಅಣ್ಣನ ಮನೆಯವರು ಅಂದಿನಿಂದ ಅವರೊಂದಿಗೆ ಮಾತು ಬಿಟ್ಟರು. ಏಪ್ರಿಲ್‌ನಲ್ಲಿ ಬೀದಿಯವರೆಲ್ಲ ಸೇರಿ ಎಸಿಯನ್ನು ಮತ್ತೆ ಎತ್ತಿಕೊಟ್ಟೆವು. ಮೆಕ್ಯಾನಿಕ್ ಬಲಗೈಯಲ್ಲಿ ಬೋಲ್ಟ್ ಹಿಡಿದ, ದಫೇದಾರರು ಎಡಗೈಯಲ್ಲಿ ಸ್ಪ್ಯಾನರ್ ತಿರುಗಿಸಿದರು. ಇಬ್ಬರೂ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಆ ವಾರವೇ ಗಂಡ ಹೆಂಡತಿ ರಾಯಚೂರಿಗೆ ಹೋದರು. ತಾಯಿ ಬದುಕಿದ್ದರು. ಇಷ್ಟು ದಿನ ಎಲ್ಲಿ ಸತ್ತಿದ್ದೆ ಎಂದು ಮಗಳನ್ನು ಬೈದರಂತೆ. ಹದಿನೈದು ದಿನ ವ್ಯಾನ್ ಅವರ ಮನೆಯ ಮುಂದೆಯೇ ನಿಂತಿತ್ತು.

ದಫೇದಾರರು ಈ ವರ್ಷ ಜನವರಿಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅಣ್ಣನ ಮಗನ ಮೇಲಿನ ಪ್ರಕರಣ ನ್ಯಾಯಾಲಯದಲ್ಲಿದೆ.

ಮೊನ್ನೆ, ಮಳೆ ಹಿಡಿಯುವ ಮೊದಲು, ಮೆಕ್ಯಾನಿಕ್ ಬಂದು ಎಸಿ ಎತ್ತಿಸಿ ರಬ್ಬರ್ ಪಟ್ಟಿ ಬದಲಿಸಿದ. ವ್ಯಾನಿನೊಳಗೆ ಮಂಚದ ಮೇಲೆ ಕೂತು ನೋಡುತ್ತಿದ್ದವರು ದಫೇದಾರರ ಹೆಂಡತಿ. ಎಸಿ ಅರ್ಧ ಇಳಿದಾಗ ಅವರು ಲಾಠಿಯಿಂದ ತಗಡನ್ನು ಎರಡು ಸಲ ಕುಟ್ಟಿದರು. ಆತ ನಿಲ್ಲಿಸಿದ.