ಸರೋಜಕ್ಕನ ದಣಪೆಯಲ್ಲಿ ನಿಂತ ಸೈಕಲ್ ದಾರಿ

ನನ್ನ ಸೈಕಲ್ಲಿನ ಹ್ಯಾಂಡಲ್ ಅರವತ್ತೆರಡು ಸೆಂಟಿಮೀಟರ್ ಅಗಲವಿದೆ. ಹೇರೂರಿನ ಸರೋಜಕ್ಕನ ಬೇಲಿಯಲ್ಲಿ ಮನುಷ್ಯರು ದಾಟಲೆಂದು ಬಿಟ್ಟ ಸಂದು ನಲವತ್ತೊಂದು.

ಈ ಇಪ್ಪತ್ತೊಂದು ಸೆಂಟಿಮೀಟರಿನಲ್ಲಿ ಮೂರು ತಾಲೂಕಿನ ಯೋಜನೆಯೊಂದು ಸಿಕ್ಕಿಹಾಕಿಕೊಂಡಿತು. (ತಪ್ಪು ಸೈಕಲ್ಲಿನದಲ್ಲ, ಬೇಲಿಯದೂ ಅಲ್ಲ. ಅಲ್ಲಿಗೇ ಬರುತ್ತೇನೆ.)

ಶಿರಸಿ, ಸಿದ್ದಾಪುರ, ಯಲ್ಲಾಪುರದ ನಾವು ಏಳು ಜನ ಮಳೆಗಾಲ ಮುಗಿದಾಗಿನಿಂದ ಪ್ರತಿ ಭಾನುವಾರ ಸೈಕಲ್ ಹತ್ತುತ್ತಿದ್ದೇವೆ. ಮೂರೂ ತಾಲೂಕನ್ನು ಜೋಡಿಸುವ ಸೈಕಲ್ ದಾರಿಯೊಂದು ಆಗಬೇಕೆಂಬುದು ನಮ್ಮ ಆಸೆ. ಹೊಸ ರಸ್ತೆಯಲ್ಲ. ಡಾಂಬರು ಬೇಡ, ಒಂದೂ ಮರ ಕಡಿಯುವುದು ಬೇಡ. ಹಿಂದೆ ಎತ್ತಿನ ಗಾಡಿ ಹೋಗುತ್ತಿದ್ದ ದಾರಿ, ಸೊಪ್ಪಿನ ಬೆಟ್ಟದ ಕಾಲುದಾರಿ, ಗದ್ದೆಯಂಚು, ಕೆರೆಯ ಏರಿ. ಎಲ್ಲವೂ ಈಗಾಗಲೇ ಇವೆ. ನಡುನಡುವೆ ತುಂಡಾಗಿವೆ, ಅಷ್ಟೆ.

ಇದರ ಹುಳ ತಲೆಗೆ ಬಿಟ್ಟವಳು ಹೊರದೇಶದಲ್ಲಿ ಓದಿ ಬಂದ ನನ್ನ ಗೆಳತಿ. ಅಲ್ಲಿ ದ್ರಾಕ್ಷಿ ತೋಟಗಳ ನಡುವೆ ಇಂಥ ದಾರಿ ಇದೆಯಂತೆ. ತೋಟಕ್ಕೊಂದು ಕಡೆ ಸೈಕಲ್ ಒರಗಿಸಿ, ಆಯಾ ಮನೆಯ ವೈನಿನ ರುಚಿ ನೋಡಿ, ಮುಂದೆ ಹೋಗುತ್ತಾರಂತೆ.

ಇದನ್ನು ಹೇಳಿದಾಗ ಜೋರಾಗಿ ನಕ್ಕವರು ಮಂಜಣ್ಣ. ಯಲ್ಲಾಪುರದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟವರು, ನಮ್ಮ ಗುಂಪಿನ ಹಿರಿಯರು. "ವೈನ್ ಕುಡದು ಸೈಕಲ್ ಹೊಡದ್ರ ನನ್ನ ಅಂಗಡಿಗೆ ಛಲೋ ವ್ಯಾಪಾರ ಆಗ್ತದ ನೋಡ್ರಿ. ಮಾಡ್ರಿ, ಮಾಡ್ರಿ!"

ನಮ್ಮಲ್ಲಿ ದ್ರಾಕ್ಷಿ ಇಲ್ಲ. ಮುರುಗಲು ಹಣ್ಣಿನ ಪಾನಕವಿದೆ, ಆಲೆಮನೆಯ ಕಬ್ಬಿನ ಹಾಲಿದೆ, ಕಾಳುಮೆಣಸು, ಜೇನು ಇವೆ. (ಮನೆಯಲ್ಲೇ ಹಣ್ಣಿನ ವೈನ್ ಇಳಿಸುವವರೂ ಇದ್ದಾರೆ. ಹೆಸರು ಕೇಳಬೇಡಿ, ರುಚಿ ಚೆನ್ನಾಗಿದೆ.) ಅಷ್ಟು ಸಾಲದೇ?

ಆದರೆ ದಾರಿ ಬೇಕಾದದ್ದು ಪ್ರವಾಸಿಗಳಿಗಿಂತ ಹೆಚ್ಚಾಗಿ ಊರಿನವರಿಗೆ. ನಂದೊಳ್ಳಿಯ ರೈತರೊಬ್ಬರು ನಮ್ಮ ನಕ್ಷೆಯನ್ನು ಬಹಳ ಹೊತ್ತು ನೋಡಿ, "ಬಸ್ಸಿಗೇ ದಾರಿ ಸರಿ ಇಲ್ಲ, ಸೈಕಲ್ಲಿಗೆ ಮಾಡ್ತ್ರಾ?" ಎಂದರು. ಮತ್ತೆ ತಾವೇ ಹೇಳಿದರು: "ಮಾಡಿ. ನನ್ ಮಗಳು ಶಾಲಿಗೆ ಹೋಗುವಾಗ ಲಾರಿ ಕಂಡ್ರೆ ಸೈಕಲ್ ಇಳ್ದು ಚರಂಡೀಲಿ ನಿಲ್ತದೆ." ನಂದೊಳ್ಳಿ ಕಡೆ ಒಪ್ಪಿಗೆ ಸಿಕ್ಕಿದ್ದು ಹೀಗೆ. ಸ್ವರ್ಣವಲ್ಲಿ ಕಡೆಯಲ್ಲೂ ತೊಂದರೆಯಾಗಲಿಲ್ಲ.

ಉಳಿದದ್ದು ಹೇರೂರಿನಲ್ಲಿ ಎರಡು ಫರ್ಲಾಂಗು. ಸರೋಜಕ್ಕನ ಗದ್ದೆಯ ಪಕ್ಕದ ಹಳೆಯ ಗಾಡಿ ದಾರಿ. ಅದು ಸಿಕ್ಕದಿದ್ದರೆ ಹೆದ್ದಾರಿಗೇ ಇಳಿಯಬೇಕು, ಟಿಪ್ಪರುಗಳ ನಡುವೆ. ಶಾಲೆಯ ಮಕ್ಕಳನ್ನು ಅಲ್ಲಿ ಕಳಿಸುವುದಾದರೆ ಇಷ್ಟೆಲ್ಲ ಯಾಕೆ ಮಾಡಬೇಕು?

ಸರೋಜಕ್ಕನಿಗೆ ಐವತ್ತೈದರ ಸುಮಾರು. ಮಾತು ನೇರ. ಗದ್ದೆ ಕೊಯ್ಲಾದ ಮೇಲೆ ಅಲ್ಲೇ ತರಕಾರಿ ಬೆಳೆಯುತ್ತಾರೆ, ಬೀಜ ಇಟ್ಟುಕೊಳ್ಳುತ್ತಾರೆ. "ಮೊದ್ಲು ಒಂದ್ಸಲ ಹೋಗಿ ತೋರ್ಸಿ. ಆಮೇಲೆ ನೋಡನ" ಎಂದಿದ್ದರು. ನಾವು ತಂದಿದ್ದ ಆರು ಪುಟದ ಒಪ್ಪಿಗೆ ಪತ್ರವನ್ನು ಮುಟ್ಟಿಯೂ ನೋಡಿರಲಿಲ್ಲ.

ಹಾಗೆ ಹೋದ ಭಾನುವಾರ ತೋರಿಸಲು ಹೊರಟೆವು. ಹುಬ್ಬಳ್ಳಿಯಿಂದ ನಾಲ್ವರು ಬಂದಿದ್ದರು. ಒಟ್ಟು ಹನ್ನೊಂದು ಸೈಕಲ್. ನಾನು ಕೊನೆಯವಳು.

ಪೇಟೆಯ ಓದುಗರಿಗಾಗಿ ಒಂದು ಮಾತು. ನಮ್ಮಲ್ಲಿ ಬೇಲಿಗೆ ಗೇಟಿನ ಬದಲು ದಣಪೆ ಇರುತ್ತದೆ. ಎರಡು ಕಂಬ, ಅವುಗಳಲ್ಲಿ ತೂತು, ಅಡ್ಡಕ್ಕೆ ನಾಲ್ಕು ಬಿದಿರ ಗಳ. ಗಳ ಸರಿಸಿ ದಾಟಬೇಕು, ದಾಟಿದ ಮೇಲೆ ನಾಲ್ಕನ್ನೂ ಮತ್ತೆ ಹಾಕಬೇಕು. ಹಾಕದಿದ್ದರೆ ದನ ಒಳಗೆ. ನಡೆಯಲು ಕಲಿತ ಮಗುವಿಗೂ ಇಲ್ಲಿ ಇದು ಗೊತ್ತು.

ನಾನು ಬರುವಷ್ಟರಲ್ಲಿ ಮುಂದಿನವರು ದಾಟಿ, ಗಳ ಹಾಕಿ ಹೋಗಿಯಾಗಿತ್ತು. ನಾನು ತೆಗೆದೆ. ಸೈಕಲ್ ಆಚೆ ದಾಟಿಸಿದೆ. ಪಕ್ಕದಲ್ಲೇ ಜನ ದಾಟುವ ಸಂದು ಕಣ್ಣಿಗೆ ಬಿತ್ತು. ಇದರಲ್ಲೇ ಸೈಕಲ್ ಹೋದರೆ ದಣಪೆ ತೆಗೆಯುವ ಗೊಡವೆಯೇ ಇಲ್ಲವಲ್ಲ? ಟೇಪು ತೆಗೆದೆ. ಅಳೆದೆ. ಇನ್ನೊಮ್ಮೆ ಅಳೆದೆ. ನೋಟ್‌ಬುಕ್ಕಿನಲ್ಲಿ ನಲವತ್ತೊಂದು ಎಂದು ಬರೆದು ಕೆಳಗೆ ಗೆರೆ ಎಳೆದೆ. ಅಷ್ಟರಲ್ಲಿ ಮುಂದಿನ ಊರು ತಲುಪಿದ್ದ ಮಂಜಣ್ಣನ ಫೋನ್. "ಎಲ್ಲಿದ್ದೀರಿ ಮೇಡಂ? ಪಾನಕ ಖಾಲಿ ಆಗ್ಲಿಕ್ಕೆ ಬಂತು, ಲಗೂ ಬರ್ರಿ!"

ಹೊರಟೆ.

ಅಳತೆ ಬರೆದುಕೊಂಡೆ. ಗಳ ಹಾಕಲಿಲ್ಲ.

ಸೋಮವಾರ ಬೆಳಿಗ್ಗೆ ಮಂಜಣ್ಣನ ಫೋನ್ ಬಂತು. ಸರೋಜಕ್ಕನ ಗದ್ದೆಗೆ ದನ ನುಗ್ಗಿದೆ. ಬೀಜಕ್ಕೆಂದು ಬಿಟ್ಟಿದ್ದ ಕೆಂಪು ಹರಿವೆಯ ಮಡಿ ಪೂರ್ತಿ ಹೋಗಿದೆ. ಅತ್ತೆಯ ಕಾಲದಿಂದ ಇಟ್ಟುಕೊಂಡು ಬಂದ ತಳಿ, ಇದ್ದ ಬೀಜವೆಲ್ಲ ಆ ಮಡಿಯಲ್ಲೇ ಇತ್ತು. ದಾರಿಯ ಮಾತು ಇನ್ನು ಎತ್ತಬೇಡಿ ಎಂದಿದ್ದಾರೆ.

"ಹುಬ್ಬಳ್ಳಿ ಮಂದಿದೇ ಕೆಲಸ ಇದು. ಅವ್ರಿಗೆ ದಣಪೆ ಅಂದ್ರ ಏನು ಗೊತ್ತ್ರಿ? ಬಿಡ್ರಿ, ನಕ್ಷೆದಾಗ ಹೆದ್ದಾರಿ ಮ್ಯಾಲೇ ಗೆರಿ ಹಾಕೋಣು."

ನಾನು "ಹೂಂ" ಎಂದೆ.

ನನ್ನದು ಮಾತು ಕಡಿಮೆ ಎಂದು ಈ ಅಂಕಣ ಓದುವ ನಿಮಗೆ ಗೊತ್ತು. ನನ್ನ ಸುದ್ದಿಯನ್ನು ನಾನು ಯಾರಿಗೂ ಸುಲಭಕ್ಕೆ ಹೇಳುವವಳಲ್ಲ. ಆದರೆ ಆ "ಹೂಂ" ಮಾತು ಕಡಿಮೆ ಇದ್ದುದರಿಂದ ಬಂದದ್ದಲ್ಲ. ಊರು ಬಿಟ್ಟು ಹೋಗಿಯಾಗಿದ್ದ ನಾಲ್ವರ ತಲೆಗೆ ನನ್ನ ತಪ್ಪನ್ನು ಕಟ್ಟಿದ್ದೆ. ಹೊರಗಿನವರು ಇದ್ದರೆ ಎಷ್ಟು ಅನುಕೂಲ ನೋಡಿ! ಕಸ ಬಿದ್ದಿದ್ದರೆ ಪ್ರವಾಸಿಗಳದು, ಗದ್ದಲವಾದರೆ ಪೇಟೆಯವರದು, ದಣಪೆ ತೆರೆದಿದ್ದರೆ ಹುಬ್ಬಳ್ಳಿಯವರದು. ನಾವು ಯಾವಾಗಲೂ ಊರಿನವರು. ನಮ್ಮ ಕೈ ಚೊಕ್ಕ.



ಮಂಗಳವಾರ ಹೇರೂರಿಗೆ ಹೋದೆ. ಸರೋಜಕ್ಕ ಅಂಗಳದಲ್ಲಿ ಮುರುಗಲು ಸಿಪ್ಪೆ ಒಣಗಿಸಿದ್ದ ಚಾಪೆ ಸರಿಮಾಡುತ್ತಿದ್ದರು. ಕೂರು ಎನ್ನಲಿಲ್ಲ. ನಿಂತೇ ಹೇಳಿದೆ. (ನಮ್ಮ ಮನೆಮಾತಿನಲ್ಲಿ 'ಆನು' ಅಂದರೆ ನಾನು, 'ಹೇಳಿ' ಅಂದರೆ ಎಂದು.)

"ಸರೋಜಕ್ಕ, ಗಳ ಹಾಕದ್ದೆ ಹೋದೋಳು ಆನು. ಹುಬ್ಬಳ್ಳಿಯವ್ರಲ್ಲ."

ಅವರು ತಲೆ ಎತ್ತಲಿಲ್ಲ. "ಹುಬ್ಬಳ್ಳಿಯವು ಹೇಳಿ ಆನು ಯಾವಾಗ ಹೇಳಿದ್ದೆ?"

ಯೋಚಿಸಿದೆ. ಹೌದು. ಅವರು ಹೇಳಿರಲಿಲ್ಲ. ನಾವೇ ಹೇಳಿಕೊಂಡಿದ್ದೆವು.

"ಪೇಟೆಯವು ಗಳ ತೆಗೆದ್ರೆ ನೆಲಕ್ಕೆ ಬಿಸಾಕ್ತ. ಇಲ್ಲಿ ನಾಲ್ಕೂ ಗಳ ಕಂಬಕ್ಕೆ ಒರಗಿಸಿಟ್ಟಿತ್ತು, ದಪ್ಪ ತುದಿ ಕೆಳಗೆ. ಊರಲ್ಲೇ ಹುಟ್ಟಿದ ಕೈ ಹೇಳಿ ಆವಾಗ್ಲೇ ಗೊತ್ತಾತು. ಯಾವ ಕೈ ಹೇಳಿ ಗೊತ್ತಿತ್ತಿಲ್ಲೆ, ಅಷ್ಟೇ." ಈಗ ನನ್ನನ್ನು ನೋಡಿದರು. "ಎಂತ ಮಾಡ್ತಾ ಇದ್ದೆ ಅಲ್ಲಿ, ಗಳ ಹಾಕದ್ದೆ?"

"ಅಳೀತಾ ಇದ್ದೆ."

"ಎಂತದ್ದು?"

"ಸಂದು. ನಲವತ್ತೊಂದು ಸೆಂಟಿಮೀಟರ್."

"ಅಯ್ಯೋ ಕೂಸೇ!" ನಗು ಬಂದೇಬಿಟ್ಟಿತು ಅವರಿಗೆ. "ಎನ್ನ ಕೇಳಿದ್ರೆ ಹೇಳ್ತಿದ್ನಲೆ. ಒಂದು ಮೊಳಕ್ಕೆ ಚೂರು ಕಡಿಮೆ!"

ನಗು ನಿಂತ ಮೇಲೆ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. "ದನ ತಿಂದಿದ್ದು ಬಿಡು, ಅದಕ್ಕೆಂತ ಗೊತ್ತು. ಹನ್ನೊಂದು ಜನ ಮನೆ ಎದುರಿಗೇ ಹೋದ. ಆನು ಜಗಲಿ ಮೇಲೇ ಕೂತಿದ್ದೆ. ಒಬ್ರೂ 'ಅಕ್ಕಾ' ಹೇಳಿ ಕೂಗಿದ್ವಿಲ್ಲೆ. ಇದೆಂತ ದಾರಿ?"

ಇಳಿಜಾರಿತ್ತು, ಸೈಕಲ್ ವೇಗವಾಗಿ ಹೋಗುತ್ತಿತ್ತು ಎಂದು ಹೇಳಬಹುದಿತ್ತೇನೋ. ಹೇಳಲಿಲ್ಲ. ಬೀಜದ ಬಗ್ಗೆ ಕೇಳಿದೆ. ಯಾರಿಗಾದರೂ ಕೊಟ್ಟದ್ದು ನೆನಪಿದೆಯೇ?

ಸ್ವಲ್ಪ ಯೋಚಿಸಿ ಇಬ್ಬರ ಹೆಸರು ಹೇಳಿದರು. ಒಬ್ಬರು ಅಲ್ಲೇ ಪಕ್ಕದ ಕೇರಿಯವರು. ಇನ್ನೊಬ್ಬರು ಸ್ವರ್ಣವಲ್ಲಿ ಹತ್ತಿರದ ಊರಿಗೆ ಮದುವೆಯಾಗಿ ಹೋದ ನಾದಿನಿ.

ಪಕ್ಕದ ಕೇರಿಯಲ್ಲಿ ಬೀಜ ಎಂದೋ ಮುಗಿದಿತ್ತು. "ಪೇಟೆಯಲ್ಲಿ ಪ್ಯಾಕೆಟ್ ಸಿಗ್ತಲಿ, ಯಾರು ಇಟ್ಕತ್ತ?" ಎಂದರು ಆ ಮನೆಯವರು.

ನಾದಿನಿಗೆ ಸರೋಜಕ್ಕ ತಾವೇ ಫೋನ್ ಮಾಡಿ ನನ್ನ ವಿಷಯ ತಿಳಿಸಿದ್ದರು. (ಪೂರ್ತಿ ವಿಷಯ. ಅಳತೆಯ ಸಮೇತ.) ಸಂಜೆಗೆ ಮುಂಚೆ ಅಲ್ಲಿ ತಲುಪಿದಾಗ ಆಕೆ ಬಾಗಿಲಲ್ಲೇ ನಗುತ್ತಾ ನಿಂತಿದ್ದರು. "ಟೇಪು ತಂದಿದ್ಯನೇ ತಂಗಿ?" ಒಳಗಿನಿಂದ ಬಾಟಲಿ ತಂದು, ಬೂದಿಯಲ್ಲಿ ಬೆರೆಸಿಟ್ಟ ಕಪ್ಪು ಬೀಜವನ್ನು ಪೇಪರಿಗೆ ಸುರಿದು ಕಟ್ಟಿಕೊಟ್ಟರು. ಮೂರು ಚಮಚದಷ್ಟಿರಬಹುದು. (ಅಳೆಯಲಿಲ್ಲ.)

ದಾರಿಯುದ್ದಕ್ಕೂ ಒಂದೇ ಯೋಚನೆ. ಹೇರೂರಿನ ಬೀಜ ಸ್ವರ್ಣವಲ್ಲಿ ಕಡೆಗೆ ಹೋದದ್ದು ಯಾವ ಯೋಜನೆಯಿಂದ? ಯಾರೋ ಹೋಗುವವರು, ಜಗಲಿಯಲ್ಲಿ ಕೂತು ಎರಡು ಮಾತಾಡಿ, ಏಳುವಾಗ ಸೆರಗಿನ ತುದಿಗೆ ಕಟ್ಟಿಕೊಂಡು ಹೋದರು. ಗಾಡಿ ದಾರಿ ಉಳಿದಿದ್ದರೆ ಉಳಿದದ್ದು ಇಂಥ ಓಡಾಟದಿಂದ. ತುಂಡಾಗಿದ್ದರೆ ಆ ಓಡಾಟ ನಿಂತದ್ದರಿಂದ. ನಾವು ಏಳು ಜನ ಆರು ತಿಂಗಳು ನಕ್ಷೆ ಬರೆದೆವು. ಎಷ್ಟು ಜಗಲಿ ಹತ್ತಿದೆವು?

ಆದರೂ ನನಗೆ ಬೇಸರವಾಗಲಿಲ್ಲ. ಮಾತಾಡಿಸುವುದು ಕಲಿಯಬಹುದಾದ ವಿದ್ಯೆ. ನನ್ನಂಥವಳಿಗೂ ಕೂಡ.

ಮರುದಿನ ಬೆಳಿಗ್ಗೆ ಮೊದಲು ಮಂಜಣ್ಣನಿಗೆ ಫೋನ್ ಮಾಡಿ ದಣಪೆ ತೆರೆದಿಟ್ಟವಳು ನಾನೇ ಎಂದು ಹೇಳಿದೆ. ಅವರು "ಹುಬ್ಬಳ್ಳಿಯವ್ರಿಗೆ ನಾನು ಬೈದು ಮೆಸೇಜ್ ಹಾಕೇನಲ್ರೀ!" ಎಂದರು. ಕ್ಷಮೆ ಕೇಳುವ ಮೆಸೇಜನ್ನು ನಾನೇ ಬರೆದು ಕಳಿಸಿದೆ. ಆಮೇಲೆ ಹೇರೂರಿಗೆ ಹೊರಟೆ. ಒಪ್ಪಿಗೆ ಪತ್ರವನ್ನು ಬೇಕೆಂದೇ ಮನೆಯಲ್ಲಿ ಬಿಟ್ಟೆ. ಬೀಜ ಕೊಟ್ಟು ಅದರ ಬದಲಿಗೆ ಸಹಿ ಕೇಳಿದಂತಾಗಬಾರದು.

ಅಂಗಳದ ಆಚೆಯಿಂದಲೇ "ಸರೋಜಕ್ಕಾ" ಎಂದು ಕೂಗಿದೆ. ನನ್ನ ದನಿ ನನಗೇ ಹೊಸದೆನಿಸಿತು. ಇಬ್ಬರೂ ಸೇರಿ ಮಣ್ಣು ಹದ ಮಾಡಿದೆವು. ಬೀಜ ಸಣ್ಣದು, ಮರಳು ಬೆರೆಸಿ ಉದುರಿಸಿದೆವು. ಕೈ ತೊಳೆಯುತ್ತಾ ಅವರೇ ಕೇಳಿದರು.

"ಎಲ್ಲಿ ಆ ಕಾಗದ?"

"ತಂದಿಲ್ಲೆ."

"ತಂದಿಲ್ಲ್ಯ? ಹಂಗಾರೆ ಸಹಿ ಎಂತ ನಿನ್ನ ಅಂಗೈ ಮೇಲೆ ಹಾಕವ?"

ನೋಟ್‌ಬುಕ್ಕಿನ ಹಾಳೆ ಹರಿದುಕೊಟ್ಟೆ. (ಕಾನೂನು ಒಪ್ಪುತ್ತದೋ ಇಲ್ಲವೋ ಗೊತ್ತಿಲ್ಲ.) ಜಗಲಿಯ ಮೇಲೆ ಕೂತು, ದುಂಡಗಿನ ಅಕ್ಷರದಲ್ಲಿ ಬರೆದರು: "ಈ ದಾರಿಯಲ್ಲಿ ಯಾರು ಬೇಕಾದರೂ ಹೋಗಬಹುದು. ಹೋಗುವಾಗ ಮನೆಯವರನ್ನು ಕೂಗಿ ಮಾತಾಡಿಸಿ ಹೋಗಬೇಕು." ಕೆಳಗೆ ಸಹಿ.

ನಮ್ಮ ಆರು ಪುಟಗಳಲ್ಲಿ ಈ ಒಂದು ಸಾಲು ಯಾಕಿರಲಿಲ್ಲ?