ವಿಮಾನ ವಾಲಿದಾಗ ನಾನು ಎದ್ದು ನಿಂತೆ

ಕಡಲಿಗೆ ಹೋಗುವವರಿಗೆ ಹೆದರಿಕೆಯೇ ಇರುವುದಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮರವಂತೆಯ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ, ಆಚೆಗೆ ಕಡಲು ಈಚೆಗೆ ಹೊಳೆ ಎಂದು ಫೋಟೋ ತೆಗೆಸಿಕೊಳ್ಳುವವರು ಆಡುವ ಮಾತು ಅದು. ನಾನು ಮೀಸೆ ಮೂಡುವ ಮೊದಲೇ ದೋಣಿ ಹತ್ತಿದವನು, ಆಮೇಲೆ ಗಂಗೊಳ್ಳಿ ಬಂದರಿನಿಂದ ದೊಡ್ಡ ಬೋಟುಗಳಲ್ಲಿ ಹೋದವನು. ಹೆದರದೆ ಹೋದ ದಿನ ಒಂದೂ ಇಲ್ಲ. ಹೆದರಿಕೆ ಇದ್ದವನು ಗಾಳಿ ತಿರುಗಿದ್ದನ್ನು ಬೇಗ ಗಮನಿಸುತ್ತಾನೆ, ಕಟ್ಟಿದ ಹಗ್ಗವನ್ನು ಇನ್ನೊಮ್ಮೆ ಎಳೆದು ನೋಡುತ್ತಾನೆ, ತಿರುಗಿ ಮನೆಗೆ ಬಂದು ಊಟ ಮಾಡುತ್ತಾನೆ.

ನಮ್ಮ ನೆಂಟರಲ್ಲಿ ಒಬ್ಬರಿಗಾದರೂ ವರ್ಷಕ್ಕೊಮ್ಮೆ ಬೋಟಿನಲ್ಲಿ ಹೋಗುವ ಆಸೆ ಹುಟ್ಟುತ್ತದೆ. ಅವರಿಗೆ ನಾನು ಹೇಳುವುದು ಇಷ್ಟೆ. ಖಾಲಿ ಹೊಟ್ಟೆಯಲ್ಲಿ ಹತ್ತಬೇಡಿ, ಹೊಟ್ಟೆ ಬಿರಿಯುವಂತೆ ತಿಂದೂ ಹತ್ತಬೇಡಿ, ಒಂದು ಮುಷ್ಟಿ ಅವಲಕ್ಕಿ ಸಾಕು. ಎಂಜಿನ್ ಪಕ್ಕ ಡೀಸೆಲ್ ವಾಸನೆ ಕುಡಿಯುತ್ತ ಕೂರಬೇಡಿ. ಬೋಟಿನ ನಡುವಲ್ಲಿ ಕೂತು ಆಕಾಶ ಮತ್ತು ನೀರು ಸೇರುವ ಗೆರೆಯನ್ನು ನೋಡಿ, ಮೊಬೈಲ್ ನೋಡಿದರೆ ಕೆಟ್ಟಿರಿ. ವಾಂತಿ ಬಂದರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ ಆಮೇಲೆ ಬಗ್ಗಿ, ಇಲ್ಲದಿದ್ದರೆ ಹಿಂದೆ ಕೂತವನು ಜನ್ಮವಿಡೀ ಬೈಯುತ್ತಾನೆ. ಲೈಫ್ ಜಾಕೆಟನ್ನು ತಲೆದಿಂಬು ಮಾಡಿಕೊಂಡು ಮಲಗುವ ನಮ್ಮಂಥವರನ್ನು ನೋಡಿ ಮಾತ್ರ ಏನನ್ನೂ ಕಲಿಯಬೇಡಿ.

ಆಕಾಶದ ಪ್ರಯಾಣದ ಬಗ್ಗೆ ಉಪದೇಶ ಮಾಡುವ ಯೋಗ್ಯತೆ ನನಗೆ ಬಂದದ್ದು ಒಂದೇ ಸಲ ಹೋದದ್ದರಿಂದ. ಆದರೆ ಆ ಒಂದು ಸಲ ಹೆದರಿದಷ್ಟು ನಾನು ಕಡಲಲ್ಲಿ ಅಷ್ಟೂ ವರ್ಷ ಸೇರಿಸಿದರೂ ಹೆದರಿಲ್ಲ.

ಮುಂಬೈಯಲ್ಲಿರುವ ನನ್ನ ತಂಗಿಗೆ ಎರಡೂ ಕಿಡ್ನಿ ಕೆಟ್ಟುಹೋಗಿದ್ದವು. ಅವಳ ಗಂಡನಿಗೆ ಸಕ್ಕರೆ ಕಾಯಿಲೆ, ಅವನು ಕೊಡುವ ಹಾಗಿರಲಿಲ್ಲ. ನನ್ನ ರಕ್ತ ಹೊಂದಿತು. ಊರಿನಲ್ಲಿ ಒಂದು ಸುತ್ತು, ಅಲ್ಲಿ ಒಂದು ಸುತ್ತು ಪರೀಕ್ಷೆ ಮಾಡಿ ಎಲ್ಲ ಸರಿ ಇದೆ ಎಂದರು. ಒಂದೇ ಒಂದು ತಕರಾರು ಉಳಿಯಿತು. ನನ್ನ ಬಿಪಿ ಗಡಿಯ ಮೇಲೆ ನಿಂತಿತ್ತು. ಅದು ಆಚೆ ಹಾರಿದರೆ ನಿಮ್ಮ ಕಿಡ್ನಿ ತೆಗೆಯಲಿಕ್ಕಾಗುವುದಿಲ್ಲ, ಮನಸ್ಸು ಶಾಂತವಾಗಿಟ್ಟುಕೊಂಡು ಬನ್ನಿ ಎಂದು ಅಲ್ಲಿಯ ಡಾಕ್ಟರು ಫೋನಿನಲ್ಲಿ ಹೇಳಿದರು. ಶಾಂತಿ ಎನ್ನುವುದು ಬಂದರಿನಲ್ಲಿ ಬುಟ್ಟಿಗೆ ತುಂಬಿ ಕೊಡುವ ಸಾಮಾನೇ, ನೀವೇ ಹೇಳಿ.

ಹಿಂದಿನ ಸಲ ರೈಲಿನಲ್ಲೇ ಹೋಗಿ ಬಂದಿದ್ದೆ. ಈ ಸಲ ಮಳೆಗಾಲ. ಬೋಟುಗಳೆಲ್ಲ ದಡ ಸೇರಿದ್ದವು, ಕಡಲು ನಮ್ಮ ಮನೆಯ ಎದುರಿನ ಕಲ್ಲುಗಳನ್ನು ದಿನವೂ ಎಳೆದುಕೊಳ್ಳುತ್ತಿತ್ತು. ಅದೇ ಹೊತ್ತಿಗೆ ಎಲ್ಲೋ ಹಳಿಯ ಮೇಲೆ ಗುಡ್ಡ ಜರಿದು ರೈಲು ನಿಂತಿತು. ತಂಗಿಯ ಗಂಡ ಫೋನ್ ಮಾಡಿ, ಅವಳ ಸ್ಥಿತಿ ಚೆನ್ನಾಗಿಲ್ಲ, ಇನ್ನು ಮುಂದೂಡುವುದು ಬೇಡ ಎಂದು ಡಾಕ್ಟರು ಹೇಳಿದ್ದಾರೆ, ವಿಮಾನಕ್ಕೆ ಟಿಕೆಟ್ ಮಾಡಿಸಿದ್ದೇನೆ ಎಂದ.

ನನ್ನ ಹೆಂಡತಿಯ ವಿಷಯವನ್ನೂ ಇಲ್ಲೇ ಹೇಳಬೇಕು. ನಾನು ಕಿಡ್ನಿ ಕೊಡುವುದು ಅವಳಿಗೆ ಇಷ್ಟವಿರಲಿಲ್ಲ. ನಾಲ್ಕು ಜನರ ಎದುರು ಬಾಯಿ ಬಿಟ್ಟವಳಲ್ಲ, ಒಂದು ದಿನ ಮೀನು ಕೊಯ್ಯುತ್ತ ಕೂತಿದ್ದಾಗ ಹೇಳಿದಳು.

“ಅವ್ಳ್ ಬದ್ಕ್ಬೇಕ್, ಅದ್ ನಂಗೂ ಗೊತ್ತಿತ್ತ್. ಆದ್ರೆ ನಿಮ್ಗೆ ಎಂತಾರೂ ಆದ್ರೆ ನಾನ್ ಎಂತ ಮಾಡುದ್?”

ಆಮೇಲೆ ಅವಳು ಆ ಮಾತೆತ್ತಲಿಲ್ಲ. ಆದರೆ ನಡುನಡುವೆ, “ಬಿಪಿ ಜಾಸ್ತಿ ಬಂದ್ರೆ ವಾಪಸ್ ಕಳ್ಸ್ತ್ರಾ?” ಎಂದು ಕೇಳುತ್ತಿದ್ದಳು. ಅವಳು ಏನನ್ನು ಬಯಸುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು.

ಹೊರಟ ದಿನದಿಂದಲೇ ಎಲ್ಲ ಎಡವಟ್ಟು. ನಮ್ಮ ಮನೆಗಳಲ್ಲಿ ಕಡಲಿಗೆ ಹೊರಟವನನ್ನು ಎಲ್ಲಿಗೆ ಎಂದು ಕೇಳುವ ಕ್ರಮವಿಲ್ಲ. ಕೇಳಿದರೆ ಹೊರಟವನು ಒಳಗೆ ಬಂದು ಒಂದು ಗುಟುಕು ನೀರು ಕುಡಿದು, ಸ್ವಲ್ಪ ಕೂತು, ಆಮೇಲೆ ಹೋಗಬೇಕು. ಬಾಡಿಗೆ ಕಾರು ತಲ್ಲೂರು ದಾಟುವವರೆಗೆ ಯಾರೂ ಸಿಗಲಿಲ್ಲ ಎಂದು ನಾನು ಸಮಾಧಾನದಲ್ಲಿದ್ದೆ. ಬ್ರಹ್ಮಾವರದಲ್ಲಿ ಚಹಾಕ್ಕೆ ನಿಲ್ಲಿಸಿದರೆ, ಪರಿಚಯದ ಒಬ್ಬ ಮೀನು ಲಾರಿಯ ಡ್ರೈವರ್ ಎದುರಾದ.

“ಹ್ವಾಯ್, ಎಲ್ಲಿಗ್ ಹೊರ್ಟದ್ದ್, ಗಂಡ ಹೆಂಡ್ತಿ ಇಬ್ರೂ?”

ನಾನು ಅಲ್ಲೇ ಬೆಂಚಿನ ಮೇಲೆ ಕೂತು ನೀರು ಕುಡಿದೆ. ವಿಮಾನ ನಿಲ್ದಾಣ ಮುಟ್ಟಿದ ಮೇಲಂತೂ ಕೇಳಲೇಬೇಡಿ. ಬಾಗಿಲಲ್ಲಿ ಬಂದೂಕು ಹಿಡಿದವನು ಎಲ್ಲಿಗೆ ಎಂದು ಕೇಳಿದ. ಬ್ಯಾಗು ತೂಗುವ ಹುಡುಗಿ ನಗುತ್ತ ಕೇಳಿದಳು. ಅಲ್ಲಿಂದ ಮುಂದೆ ಇನ್ನೊಬ್ಬ. ಪ್ರತಿ ಸಲವೂ ನನಗೆ ತಿರುಗಿ ಮನೆಗೆ ಹೋಗುವ ಮನಸ್ಸಾಯಿತು. ಕೈಯಲ್ಲಿದ್ದ ನೀರಿನ ಬಾಟಲಿಯನ್ನೂ ಕಸಿದುಕೊಂಡಿದ್ದರಿಂದ ಶಾಂತಿ ಮಾಡಿಕೊಳ್ಳಲಿಕ್ಕೆ ಒಂದು ಗುಟುಕೂ ಉಳಿಯಲಿಲ್ಲ.

ಮೊದಲ ಸಲ ಹೋಗುವ ನಮ್ಮ ಕಡೆಯವರು ಇದನ್ನು ನೆನಪಿಟ್ಟುಕೊಳ್ಳಿ. ಒಣ ಕೊಬ್ಬರಿ ಒಯ್ಯಬೇಡಿ. ಅದರಲ್ಲಿ ಎಣ್ಣೆ ಇದೆ, ಬೆಂಕಿ ಹಿಡಿಯುತ್ತದೆ ಎನ್ನುತ್ತಾರೆ. ತಂಗಿಗೆಂದು ಹೆಂಡತಿ ಕಟ್ಟಿಕೊಂಡಿದ್ದ ಕೊಬ್ಬರಿಯನ್ನು ಅಲ್ಲಿಯೇ ತೆಗೆದಿಟ್ಟರು. ಮೊಬೈಲ್ ಚಾರ್ಜಿನ ಪವರ್ ಬ್ಯಾಂಕನ್ನು ಕೆಳಗೆ ಹಾಕುವ ಬ್ಯಾಗಿನಲ್ಲಿ ಇಡಬೇಡಿ, ಕೈಚೀಲದಲ್ಲಿಡಿ. ಬೆಲ್ಟ್ ಬಿಚ್ಚಿಸುತ್ತಾರೆ, ಆದ್ದರಿಂದ ಸೊಂಟಕ್ಕೆ ಸರಿಯಾಗಿ ಕೂರುವ ಪ್ಯಾಂಟ್ ಹಾಕಿ. ನಾನು ಒಂದು ಕೈಯಲ್ಲಿ ಪ್ಯಾಂಟ್, ಇನ್ನೊಂದು ಕೈಯಲ್ಲಿ ಆಸ್ಪತ್ರೆಯ ಕಾಗದ ಹಿಡಿದು ನಿಂತಿದ್ದೆ. ಕಿವಿಗೆ ಹತ್ತಿ ಇಟ್ಟುಕೊಳ್ಳಿ, ಬಾಯಲ್ಲಿ ಏನಾದರೂ ಅಗಿಯುತ್ತಿರಿ. ರೆಕ್ಕೆಯ ಹತ್ತಿರದ ಸೀಟು ಕೇಳಿ ಪಡೆಯಿರಿ, ಬೋಟಿನಲ್ಲಾದರೂ ವಿಮಾನದಲ್ಲಾದರೂ ನಡುವಲ್ಲಿ ಕುಲುಕಾಟ ಕಡಿಮೆ.

ಮಂಗಳೂರಿನ ರನ್‌ವೇ ಗುಡ್ಡದ ತಲೆಯ ಮೇಲಿದೆ. ಅದು ಮುಗಿಯುವ ಕಡೆ ಏನಿದೆ ಎಂದು ಯೋಚಿಸಬಾರದು ಎಂದುಕೊಂಡು ಅದನ್ನೇ ಯೋಚಿಸಿದೆ. ಹೆಂಡತಿ ಕಿಟಕಿಯ ಬದಿ, ನಾನು ನಡುವೆ, ನನ್ನ ಈಚೆಗಿನ ಸೀಟು ಖಾಲಿ. ವಿಮಾನ ಮೇಲೆದ್ದಿತು. ಸೊಂಟಕ್ಕೆ ಕಟ್ಟಿದ ಪಟ್ಟಿಯನ್ನು ನಾನು ಯಾರಿಗೂ ಕಾಣದಂತೆ ಬಿಚ್ಚಿಕೊಂಡಿದ್ದೆ. ಬೋಟಿನಲ್ಲಿ ನಾವು ಕಟ್ಟಿಹಾಕುವುದು ಸಾಮಾನನ್ನು, ಮನುಷ್ಯರನ್ನಲ್ಲ. ಮುಳುಗುವಾಗ ಮೈಗೆ ಯಾವ ಕಟ್ಟೂ ಇರಬಾರದು.

ಸ್ವಲ್ಪ ಮೇಲೆ ಹೋದ ಕೂಡಲೇ ವಿಮಾನ ಒಂದು ಮಗ್ಗುಲಿಗೆ ವಾಲಿತು. ಹೆಂಡತಿಯ ಬದಿಗೆ. ಅವಳ ಕಿಟಕಿಯ ತುಂಬ ಆಕಾಶ ಹೋಗಿ ಕಡಲು ಬಂತು, ಕೆಸರಿನ ಬಣ್ಣದ ಮಳೆಗಾಲದ ಕಡಲು, ನೊರೆಯ ಗೆರೆಗಳು ಎಣಿಸುವಷ್ಟು ಹತ್ತಿರ. ಆಮೇಲೆ ನಾನು ಮಾಡಿದ್ದು ನನ್ನ ತಲೆ ಹೇಳಿ ಮಾಡಿದ್ದಲ್ಲ. ಎದ್ದು, ಹೆಂಡತಿಯ ರಟ್ಟೆ ಹಿಡಿದೆಳೆದು, ಅವಳು ಬಾರದಿದ್ದಾಗ ಒಬ್ಬನೇ ಓಣಿ ದಾಟಿ ಎತ್ತರವಾದ ಬದಿಗೆ ಹಾರಿದೆ.

“ಈಚಿಗ್ ಬನ್ನಿ! ಎಲ್ಲರೂ ಈಚಿಗ್ ಬನ್ನಿ, ಮಗ್ಚತ್ತ್!”

ಸಣ್ಣ ದೋಣಿ ವಾಲಿದಾಗ ನಾವು ಮಾಡುವುದು ಇದನ್ನೇ. ಯಾರೂ ಯಾರಿಗೂ ಹೇಳುವುದಿಲ್ಲ, ಅಷ್ಟೂ ಮೈಗಳು ಒಂದೇ ಸಲಕ್ಕೆ ಎತ್ತರದ ಬದಿಗೆ ಬೀಳುತ್ತವೆ, ದೋಣಿ ನೇರವಾಗುತ್ತದೆ. ಒಬ್ಬ ಯೋಚಿಸುತ್ತ ಕೂತರೂ ಎಲ್ಲರೂ ನೀರಿಗೆ. ಇಲ್ಲಿ ನಾನು ಬಿದ್ದದ್ದು ಟೈ ಕಟ್ಟಿದ ಒಬ್ಬ ಗೃಹಸ್ಥರ ಮಡಿಲಿಗೆ. ಅವರು ಅಮ್ಮಾ ಎಂದು ಕೂಗಿದರು. ಅಷ್ಟರಲ್ಲಿ ವಿಮಾನ ತಾನಾಗಿ ನೇರವಾಯಿತು, ನನ್ನಿಂದಲೇ ಆಯಿತು ಎಂದು ಒಂದು ಗಳಿಗೆ ನಾನು ನಂಬಿಯೂ ಬಿಟ್ಟೆ. ವಿಮಾನದ ಹುಡುಗಿಯರಿಬ್ಬರು ಸೀಟುಗಳ ಬೆನ್ನು ಹಿಡಿಯುತ್ತ ಓಡಿ ಬಂದು ನನ್ನನ್ನು ತಂದು ಕೂರಿಸಿ ಪಟ್ಟಿ ಬಿಗಿದರು. ತಿರುಗಬೇಕಾದರೆ ವಿಮಾನ ವಾಲಲೇಬೇಕು, ಅದು ಬೀಳುವುದಲ್ಲ ಎಂದು ಅವರಲ್ಲೊಬ್ಬಳು ಮೆಲ್ಲಗೆ ತಿಳಿಸಿ ಹೇಳಿದಳು. ಈ ಮಾತನ್ನು ಹತ್ತುವ ಮೊದಲೇ ಹೇಳುವ ಏರ್ಪಾಡು ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಿಂದಿನ ಸೀಟುಗಳಲ್ಲಿ ನಗು. ನನಗೆ ನಾಚಿಕೆಗೂ ಪುರುಸೊತ್ತಿರಲಿಲ್ಲ, ಎದೆ ಬಾಯಿಗೆ ಬಂದಿತ್ತು. ಹೆಂಡತಿ ನನ್ನ ಎದೆಯ ಮೇಲೆ ಅಂಗೈ ಇಟ್ಟು ಅದು ಹೊಡೆದುಕೊಳ್ಳುವುದನ್ನು ನೋಡಿದಳು. ಆಗ ಅವಳ ಮುಖ ಸಡಿಲವಾದದ್ದು ನನಗೆ ಕಂಡಿತು.

“ನಿಂಗ್ ಖುಷಿ ಆಯ್ತಾ?” ಎಂದು ಸಿಟ್ಟಿನಲ್ಲಿ ಕೇಳಿದೆ.

“ಹೌದ್,” ಎಂದಳು. ಆಮೇಲೆ ಮುಂಬೈ ಬರುವವರೆಗೂ ಕಿಟಕಿಯ ಕಡೆ ತಿರುಗಿಯೇ ಕೂತಳು.

ಆಸ್ಪತ್ರೆಯಲ್ಲಿ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. ಗಡಿ ದಾಟಿ ಎಲ್ಲಿಗೋ ಹೋಗಿತ್ತು. ಮಲಗಿಸಿ, ಕೂರಿಸಿ ಮತ್ತೆ ನೋಡಿದರು, ಇಳಿಯಲಿಲ್ಲ. ಡಾಕ್ಟರು ಎಲ್ಲರನ್ನೂ ಹೊರಗೆ ಕಳಿಸಿ ನನ್ನೊಬ್ಬನನ್ನೇ ಕೂರಿಸಿಕೊಂಡರು. ನಾಳೆ ಬೆಳಿಗ್ಗೆ ಇನ್ನೊಮ್ಮೆ ನೋಡೋಣ, ಆಗಲೂ ಹೀಗೇ ಇದ್ದರೆ ಆಗುವುದಿಲ್ಲ ಎಂದರು. ನಿಮಗೆ ಮನಸ್ಸಿಲ್ಲದಿದ್ದರೆ ಈಗಲೇ ಹೇಳಬಹುದು, ದೇಹ ಒಪ್ಪಲಿಲ್ಲ ಎಂದಷ್ಟೇ ನಿಮ್ಮ ಮನೆಯವರಿಗೆ ಹೇಳುತ್ತೇವೆ ಎಂದೂ ಸೇರಿಸಿದರು. ಇದ್ದದ್ದನ್ನು ಹೇಳುತ್ತೇನೆ, ಆ ಮಾತು ಕೇಳಿ ನನಗೆ ಹಾಯೆನಿಸಿತು. ಹೊಟ್ಟೆ ಕೊಯ್ಯಿಸಿಕೊಳ್ಳದೆ ಊರಿಗೆ ಹೋಗಬಹುದು, ಯಾರೂ ನನ್ನನ್ನು ಬೈಯುವುದಿಲ್ಲ. ಬೆಳಿಗ್ಗೆ ನೋಡಿ ಎಂದಷ್ಟೇ ಹೇಳಿ ಎದ್ದು ಬಂದೆ.

ತಂಗಿ ಮೇಲಿನ ವಾರ್ಡಿನಲ್ಲಿದ್ದಳು. ಅವಳ ಮುಖ ಊದಿಕೊಂಡು ಬೇರೆ ಯಾರದೋ ಮುಖದ ಹಾಗಾಗಿತ್ತು. ನನ್ನನ್ನು ನೋಡಿ ನಕ್ಕಳು.

“ಅಣ್ಣ, ವಿಮಾನದಗೆ ಹಾರಿದ್ಯಂಬ್ರಲೆ?”

ನಾನು ವಿಮಾನದೊಳಗೆ ಹಾರಿದ್ದನ್ನು, ನನಗಿಂತ ಮೊದಲೇ ಮೇಲೆ ಬಂದಿದ್ದ ಹೆಂಡತಿ ಆಗಲೇ ಹೇಳಿಬಿಟ್ಟಿದ್ದಳು. ಸ್ವಲ್ಪ ಹೊತ್ತು ನಾವು ಮೂವರೂ ನಕ್ಕೆವು. ಆಮೇಲೆ ತಂಗಿ ನನ್ನ ಬೆರಳು ಹಿಡಿದುಕೊಂಡು, “ಹೆದ್ರಿಕೆ ಆದ್ರೆ ಬೇಡ ಅಣ್ಣ, ಊರಿಗ್ ಹೋಯ್. ನಾನ್ ಬೇಜಾರ್ ಮಾಡ್ಕಂತಿಲ್ಲೆ,” ಎಂದಳು.

ಹೆಂಡತಿಗೆ ಪ್ರಯಾಣದಿಂದ ಬಾಯಾರಿತ್ತು. ಮೇಜಿನ ಮೇಲಿದ್ದ ಜಗ್ಗಿನಿಂದ ದೊಡ್ಡ ಲೋಟಕ್ಕೆ ನೀರು ಬಗ್ಗಿಸಿಕೊಂಡು ಎತ್ತಿ ಗಟಗಟ ಕುಡಿಯತೊಡಗಿದಳು. ತಂಗಿಯ ಕಣ್ಣು ನನ್ನನ್ನು ಬಿಟ್ಟು ಆ ಲೋಟದ ಮೇಲೆ ಹೋಗಿ ನಿಂತಿತು. ಕಿಡ್ನಿ ಕೆಟ್ಟ ಮೇಲೆ ಅವಳಿಗೆ ನೀರು ಅಳೆದು ಕೊಡುತ್ತಿದ್ದರು. ಹಾಸಿಗೆಯ ಪಕ್ಕದಲ್ಲಿ ಔಷಧಿ ಕುಡಿಯುವಂಥ ಒಂದು ಪುಟ್ಟ ಲೋಟ ಇತ್ತು, ಅದರ ತಳದಲ್ಲಿದ್ದದ್ದು ಸಂಜೆಯವರೆಗೆ ಸಾಲಬೇಕು. ಹೆಂಡತಿ ತಂಗಿಯ ಕಣ್ಣನ್ನು ನೋಡಿದಳು. ಬಾಯಲ್ಲಿದ್ದ ನೀರನ್ನು ಬಹಳ ಕಷ್ಟಪಟ್ಟು ನುಂಗಿದಳು, ಲೋಟವನ್ನು ಕೆಳಗಿಟ್ಟಳು.

ಸಂಜೆ ಆಸ್ಪತ್ರೆಯ ಕೆಳಗಿನ ಕ್ಯಾಂಟೀನಿಗೆ ಹೋದೆವು. ನಡೆಸುವವರು ನಮ್ಮ ಬೈಂದೂರಿನ ಕಡೆಯವರೇ, ಮಾತಿನಲ್ಲೇ ಗೊತ್ತಾಯಿತು. ನನಗೆ ಏನು ಬೇಕೆಂದು ಅವರು ಕೇಳುವ ಮೊದಲೇ ಹೆಂಡತಿ ಕೌಂಟರಿನ ಮುಂದೆ ಹೋಗಿ ನಿಂತಿದ್ದಳು.

“ಇವ್ರಿಗ್ ಗಂಜಿ ಕೊಡಿ. ಉಪ್ಪ್ ಹಾಕ್ಬೇಡಿ, ಒಂದ್ ಹರಳೂ ಹಾಕ್ಬೇಡಿ. ಚಟ್ನಿ ಬ್ಯಾಡ, ಹಪ್ಪಳ ಬ್ಯಾಡ.”

ನಾನು ಅವಳ ಮುಖ ನೋಡಿದೆ. ಎದುರು ಬಂದು ಕೂತು, ದನಿ ತಗ್ಗಿಸಿ, ಆಗಲೇಬೇಕು ಎನ್ನುವ ಹಾಗೆ ಹೇಳಿದಳು.

“ನಾಳಿಗ್ ನೀವ್ ಪಾಸ್ ಆಯ್ಕ್. ನಂಗ್ ಹೆದ್ರಿಕೆ ಆತ್ತ್, ಭಾಳ ಹೆದ್ರಿಕೆ ಆತ್ತ್. ಆದ್ರೂ ಆಯ್ಕ್.”

“ನಂಗೂ ಹೆದ್ರಿಕೆ ಆತ್ತ್,” ಎಂದೆ. ಬಾಯಿ ಬಿಟ್ಟು ಅವಳಿಗೆ ಅದನ್ನು ಹೇಳಿದ್ದು ಅದೇ ಮೊದಲು. ಅವಳು ತನಗೂ ಅದೇ ಸಪ್ಪೆ ಗಂಜಿ ತರಿಸಿಕೊಂಡಳು. ಇಬ್ಬರೂ ಮುಖ ಹಿಂಡಿಕೊಂಡು ಉಂಡೆವು.

ಬೆಳಿಗ್ಗೆ ಮತ್ತೆ ತೋಳಿಗೆ ಪಟ್ಟಿ ಸುತ್ತಿದರು. ನರ್ಸ್ ಒಮ್ಮೆ ನೋಡಿ, ಇನ್ನೊಮ್ಮೆ ನೋಡಿ, ಡಾಕ್ಟರಿಗೆ ತೋರಿಸಿದಳು. ಡಾಕ್ಟರು ಆಗಬಹುದು ಎಂದರು. ಹೊರಗೆ ಬಂದು ಹೆಂಡತಿಯ ಎದುರು ಹೌದೆಂದು ತಲೆಯಾಡಿಸಿದೆ. ಅವಳು ಸ್ವಲ್ಪ ಹೊತ್ತು ಗೋಡೆಗೆ ಒರಗಿ ನಿಂತಳು. ನಾನು ತಂಗಿಯ ವಾರ್ಡಿನ ಕಡೆ ತಿರುಗಿದಾಗ ನನ್ನ ಅಂಗಿ ಹಿಡಿದು ನಿಲ್ಲಿಸಿದಳು.

“ನೀವ್ ಇಲ್ಲೇ ಕೂತ್ಕಣಿ,” ಎಂದಳು. “ನಾನೇ ಹೇಳಿ ಬತ್ತೆ.”

ಸೆರಗಿನಿಂದ ಮುಖ ಚೆನ್ನಾಗಿ ಒರೆಸಿಕೊಂಡು, ನಗುವ ಮುಖ ಮಾಡಿಕೊಂಡು, ಅವಳು ಮೆಟ್ಟಿಲು ಹತ್ತಿ ಹೋದಳು.