ಕೋಡಿ ಬಿಚ್ಚಿದ ದಿನ

ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ಬೆಟ್ಟದ ಮೇಲಿನ ಕೆತ್ತಿ ಕಣಿವೆಗೆ ಬಂದ ಕೆಂಪಾಜಮ್ಮನಿಗೆ, ಗಂಡ ತೀರಿಕೊಂಡ ಮೇಲೆ ಉಳಿದದ್ದು ಕೆರೆಯ ಮಣ್ಣಿನ ಏರಿಯ ಕೆಳಗೊಂದು ಮನೆ, ಕೊಟ್ಟಿಗೆ, ಎರಡು ಹಸು, ಒಂದಿಷ್ಟು ಕ್ಯಾರೆಟ್ ಹೊಲ. ಕೆರೆಯ ಹೆಚ್ಚಿನ ನೀರು ಪಕ್ಕದ ಹಳ್ಳಕ್ಕೆ ಹೊರಹೋಗುವ ಕೋಡಿ ಕಾಲುವೆಯನ್ನೇ ಮುಚ್ಚಿ ಗಂಡ ಆ ಹೊಲ ಮಾಡಿದ್ದ. ಮೈದುನ ಚೆನ್ನಯ್ಯನ ಹೊಲ ಕೆರೆಯ ಮೇಲ್ದಂಡೆಯಲ್ಲಿ.

ಏರಿ ಕಟ್ಟಿದ್ದು ನೀರು ಕೂಡಿಡಲು ಅಲ್ಲ. ಬೆಟ್ಟದಿಂದ ಒಮ್ಮೆಲೇ ನುಗ್ಗುವ ಮಳೆನೀರನ್ನು ತಡೆದು, ತೂಬಿನಿಂದ ಸ್ವಲ್ಪಸ್ವಲ್ಪವೇ ಬಿಟ್ಟು, ಕೆಳಗಿನ ಹಟ್ಟಿಯನ್ನು ಉಳಿಸಲು. ಅದಕ್ಕಾಗಿ ಕೆರೆಯಲ್ಲಿ ಸದಾ ಜಾಗ ಖಾಲಿ ಇರಬೇಕಿತ್ತು. ತೊಂಬತ್ತೆಂಟರ ಬೇಸಿಗೆಯಲ್ಲಿ ಬೆಳೆ ಬಾಡಿದಾಗ ಚೆನ್ನಯ್ಯ ಮತ್ತು ಅಕ್ಕಪಕ್ಕದವರು ತೂಬು ಮುಚ್ಚಿದರು, ಕೋಡಿಗೆ ಮರಳಿನ ಮೂಟೆ ಜೋಡಿಸಿದರು. ಬೇಸಿಗೆ ಕಳೆದು ಬಂದ ಮಳೆಗೆ ಕೆರೆ ತುಂಬಿತು. ಆ ನೀರನ್ನು ಕೆಂಪಾಜಮ್ಮನೂ ತನ್ನ ಸಾಲುಗಳಿಗೆ ಹಾಯಿಸಿಕೊಂಡಳು.

ದೀಪಾವಳಿ ಕಳೆದು ಹಿಡಿದ ಮಳೆ ಬಿಡಲೇ ಇಲ್ಲ. ಒಂದು ಬೆಳಗ್ಗೆ ಏರಿಯ ಬುಡದಲ್ಲಿ ಕೆಂಪಾಜಮ್ಮ ಕಾಲಿಟ್ಟರೆ ಪಾದವೇ ಹೂತುಹೋಯಿತು. ಮೇಲೆ ಹತ್ತಿ ನೋಡಿದಳು. ಏರಿಯ ನೆತ್ತಿಯಿಂದ ಒಂದೇ ಗೇಣು ಕೆಳಗೆ, ಸದ್ದಿಲ್ಲದೆ, ನೀರು ನಿಂತಿತ್ತು.

ಚೆನ್ನಯ್ಯನ ಮನೆಗೆ ಓಡಿದಳು. "ಮೂಟೆ ತೆಗೆಸಪ್ಪ. ಏರಿ ಮೆತ್ತಗಾಗ್ಬುಟ್ಟದೆ."

"ಮಳೆ ನಿಲ್ತದೆ ಬಿಡಿ ಅತ್ಗೆ. ಕೋಡಿ ಬಿಟ್ರೆ ನೀರು ಎಲ್ಲಿಗೆ ಹೋಯ್ತದೆ? ನಿಮ್ಮ ಹೊಲದ ಮೇಲೇ, ನಿಮ್ಮ ಕೊಟ್ಟಿಗೆ ಮೇಲೇ!"

"ಗೊತ್ತು ಕಣಪ್ಪ. ಹಟ್ಟೀಲಿ ಮಕ್ಕಳವ್ರೆ."

ಅವನು ಕದಲಲಿಲ್ಲ. ಕೆಂಪಾಜಮ್ಮ ಹಸುಗಳನ್ನು ಬಿಚ್ಚಿ ರಸ್ತೆಗೆ ಹೊಡೆದಳು, ಹಾರೆ ಹಿಡಿದು ಕೋಡಿಗೆ ಹೋದಳು. ನೆನೆದ ಮೂಟೆ ಅಲುಗಲಿಲ್ಲ. ಹಾರೆ ಜಾರಿ ಮೊಣಕೈ ತರಚಿತು. ಹಿಂದಿನಿಂದ ಚೆನ್ನಯ್ಯ ಬಂದಾಗ, ತಡೆಯಲು ಬಂದನೆಂದೇ ಅಂದುಕೊಂಡಳು. ಅವನ ಕಣ್ಣು ಏರಿಯ ಉದ್ದಕ್ಕೂ ಬಾಯಿಬಿಟ್ಟ ಬಿರುಕಿನ ಮೇಲಿತ್ತು.

"ಅಯ್ಯೋ ಶಿವನೇ, ಆ ಕಡೆ ಹಿಡೀರಿ ಅತ್ಗೆ!"

ಮೂಟೆ ಉರುಳುತ್ತಲೇ ನೀರು ಗುಡುಗಿಕೊಂಡು ಇಳಿಯಿತು. ಕೊಟ್ಟಿಗೆ ಒಂದೇ ಸಲಕ್ಕೆ ಮಗುಚಿತು. ಕ್ಯಾರೆಟ್ ಸಾಲುಗಳು ಮಣ್ಣಿನ ಸಮೇತ ಕಳಚಿಕೊಂಡು ಹೋದವು. ಅವಳು ನಿಂತು ನೋಡಿದಳು. ಸಂಜೆ ಹೊತ್ತಿಗೆ ಕೆರೆ ಇಳಿಯಿತು, ಏರಿ ಉಳಿಯಿತು, ಹಟ್ಟಿಯಲ್ಲಿ ಒಂದು ಗೋಡೆಯೂ ಬೀಳಲಿಲ್ಲ.

ಮಳೆಗಾಲ ಮುಗಿದ ಮೇಲೆ ಬಿರುಕಿಗೆ ಹೊಸ ಮಣ್ಣು ತುಂಬಿದರು. ಮರುವರ್ಷದ ಮೊದಲ ಮಳೆಗೇ ಆ ಮಣ್ಣು ಅಲ್ಲಲ್ಲಿ ಕುಸಿಯತೊಡಗಿತು. ಕೆಂಪಾಜಮ್ಮ ಮೇಲಿನ ರಸ್ತೆಯ ಪಕ್ಕಕ್ಕೆ ಮನೆ ಬದಲಿಸಿದಳು. ಹಟ್ಟಿಯವರಿಗೆ ಹೋಗಲು ಬೇರೆ ಜಾಗವಿರಲಿಲ್ಲ.